ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ

ಮೈಸೂರು ನಗರದ ಪಶ್ಚಿಮ ಭಾಗದಲ್ಲಿ, ಕುಕ್ಕರಹಳ್ಳಿ ಕೆರೆಗೆ ಸಮೀಪವಾದ ಎತ್ತರದ ನೆಲದಲ್ಲಿ ಜಯಲಕ್ಷ್ಮೀವಿಲಾಸವೆಂಬ ಸೌಧವಿರುವುದು. ಹತ್ತನೆಯ ಚಾಮರಾಜ ಒಡೆಯರವರ ಜ್ಯೇಷ್ಠಪುತ್ರಿಯರಾದ ಜಯಲಕ್ಷ್ಮಮ್ಮಣ್ಣಿಯವರ ನಿವಾಸಕ್ಕಾಗಿ ಇದು 1905ರಲ್ಲಿ ನಿರ್ಮಿತವಾಯಿತು. ಇವರ ಪತಿಗಳಾದ ಸರ್ದಾರ್ ಎಂ. ಕಾಂತರಾಜ ಅರಸರು 1918ರಿಂದ 1922ರ ವರೆಗೆ ದಿವಾನರಾಗಿದ್ದುದು ವಾಚಕರಿಗೆ ವಿದಿತವೇ ಆಗಿದೆ. ಹೊರಗಿನ ಜೋಡಿಕಂಬಗಳು ಪಾಶ್ಚಾತ್ಯ ಪದ್ಧತಿಯವು. ಒಳಗಿನ ಕಲ್ಯಾಣಮಂಟಪವಾದರೋ ನಮ್ಮ ಮನೆತನಗಳ ಆಚಾರಕ್ಕೆ ಒಪ್ಪುವಂಥದು.

ಕುವೆಂಪುರವರು ಉಪಕುಲಪತಿಗಳಾಗಿದ್ದ ಕಾಲದಲ್ಲಿ, 1959ರಲ್ಲಿ, ಈ ಸೌಧವು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ಚಿತ್ರಕಾರ ಪಿ. ಆರ್. ತಿಪ್ಪೇಸ್ವಾಮಿಯವರೂ ವಿದ್ವಾಂಸರಾದ ಜೀ. ಶಂ. ಪರಮಶಿವಯ್ಯನವರೂ ಈ ಸಂಗ್ರಹಕ್ಕಾಗಿ ಪಟ್ಟ ಶ್ರಮವು ಸ್ಮರಣೀಯವಾದುದು. ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ವೇಷಭೂಷಣ, ಬೇಸಾಯದ ಮುಟ್ಟು, ಅಡಿಗೆಯ ಪಾತ್ರೆ ಇವೇ ಮೊದಲಾದವು ಅರಮನೆಯ ಅಂಗಣವನ್ನು ಪ್ರವೇಶಿಸಿದುವು. ಬಡಗಿ, ಕಮ್ಮಾರ, ಮೇದರು ಮುಂತಾದವರ ಕೈಕೆಲಸವು ವಿದ್ವಾಂಸರ ಪರಿಶೀಲನೆಗೆ ಯೋಗ್ಯವೆಂಬುದು ಇದರಿಂದ ಸ್ಥಾಪಿತವಾಯಿತು.

ಆದರೆ ಈ ಮುಟ್ಟುಗಳು ಬಳಕೆಯಿಂದ ತಪ್ಪಿದೊಡನೆ ಅವುಗಳ ಪದಗಳೂ ಮರೆಯಾಗುತ್ತವೆ. ನೇಗಿಲನ್ನೇ ನೋಡಬಹುದು. ರೈತನು ಹಿಡಿಯುವ ಹಿಡಿ ಮೇಳಿ. ನೊಗದ ವರೆಗೆ ಚಾಚಿದ ಉದ್ದನೆಯ ಮರ ಈಚು. ನೆಲವನ್ನು ಸೀಳುವ ಕಬ್ಬಿಣ ಗುಳ. ಇವುಗಳಲ್ಲಿ ಮೇಳಿಯು ತಮಿಳಿನ ಮೇೞಿ, ತೆಲುಗಿನ ಮೇಡಿ ಎಂಬ ಪದಗಳೊಡನೆ ಹೋಲಿಸತಕ್ಕುದಾಗಿದ್ದು, ದ್ರಾವಿಡ ಭಾಷೆಗಳ ಬಾಂಧವ್ಯಕ್ಕೆ ಸಾಕ್ಷಿಯಾಗಿದೆ. ವಸ್ತುವಿನ ಮುಂದೆ 'ನೇಗಿಲು' ಎಂಬ ಒಂದೇ ಹೆಸರನ್ನು ಬರೆದಿಟ್ಟರೆ ಮರ ಉಳಿದೀತು; ಈ ಸಾಕ್ಷಿಯು ಉಳಿಯದು.

ಕಟ್ಟಡವು ಶಿಥಿಲವಾದರೆ ಉದ್ಧರಿಸಬಹುದು. ಜಯಲಕ್ಷ್ಮೀವಿಲಾಸವೇ ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವನ್ನು ಕಂಡಿತು. ಪದಕ್ಕಾದರೋ, ಅದನ್ನು ಆಡುವವರು ತೀರಿದ ಮೇಲೆ ಅಂಥ ಉದ್ಧಾರವಿಲ್ಲ. ಆದುದರಿಂದ ಇಂತಹ ಸಂಗ್ರಹಗಳಲ್ಲಿ ಪ್ರತಿಯೊಂದು ವಸ್ತುವಿನ ಅಂಗಾಂಗಗಳ ಹೆಸರು, ಅದು ದೊರೆತ ಸೀಮೆ, ಮಾಡುವ ಕ್ರಮ ಇವುಗಳ ಲೇಖನವೂ ಇರತಕ್ಕುದು. ಕನ್ನಡ ಪಂಡಿತರೂ ಉಪಾಧ್ಯಾಯರೂ ತಮ್ಮ ತಮ್ಮ ಊರಿನ ಹಿರಿಯ ಕಸುಬುದಾರರನ್ನು ಕೇಳಿ ಈ ಪದಗಳನ್ನು ಬರೆದಿಡುವುದಾದರೆ, ಸಂಗ್ರಹಾಲಯಕ್ಕೂ ನಿಘಂಟಿಗೂ ಸಮಾನವಾದ ಉಪಕಾರವಾಗುವುದು. ಇದು ವಿಳಂಬವನ್ನು ಸಹಿಸತಕ್ಕ ಕಾರ್ಯವಲ್ಲ.