ಪೀಲಾ ಹೌಸಿಗೆ ಹೋಗುವ ದಾರಿ

ನಮ್ಮ ದೊಡ್ಡಪ್ಪ ಮುಂಬಯಿಯಲ್ಲಿ ಇದ್ದದ್ದು 17 ವರ್ಷ. ಕುಂದಾಪುರದ ಕಡೆಯ ನಮ್ಮೂರಿನಲ್ಲಿ ಯಾರಾದರೂ "ಬೊಂಬಾಯಲ್ಲಿ ಎಲ್ಲಿದ್ದದ್ದು?" ಎಂದು ಕೇಳಿದರೆ ಅವರ ಉತ್ತರ ಒಂದೇ: "ಒಪೆರಾ ಹೌಸ್ ಹತ್ರ." ಕೆಲಸಕ್ಕೆಂದು ನಾನು ಮುಂಬಯಿಗೆ ಬಂದು ಆರು ವರ್ಷವಾಯಿತು. ಅವರು ಹೇಳುತ್ತಿದ್ದ ಗುರುತುಗಳನ್ನೆಲ್ಲ ಒಂದು ದಿನ ಮ್ಯಾಪಿನಲ್ಲಿ ಹುಡುಕಿದೆ. ರೈಲ್ವೆ ಸೇತುವೆ, ಇರಾನಿ ಹೋಟೆಲು, ಸಾಲು ಟಾಕೀಸು. ಅವು ಯಾವುವೂ ಒಪೆರಾ ಹೌಸಿನ ಬಳಿ ಸಿಗಲಿಲ್ಲ. ಸಿಕ್ಕಿದ್ದು ಗ್ರಾಂಟ್ ರೋಡ್ ಪೂರ್ವದಲ್ಲಿ.

ಹೋದ ಡಿಸೆಂಬರಿನಲ್ಲಿ ಕಣ್ಣಿನ ತಪಾಸಣೆಗೆಂದು ಅವರು ನನ್ನ ಮನೆಗೆ ಬಂದಿದ್ದರು. ಎಪ್ಪತ್ತು ವಯಸ್ಸು. "ನೀವು ಕೆಲಸ ಮಾಡಿದ ಜಾಗ ತೋರಿಸಿ ದೊಡ್ಡಪ್ಪ" ಎಂದೆ. "ಅಲ್ಲೆಂತ ಇತ್ತ್ ಮಾರಾಯ ನೋಡೂಕೆ" ಎಂದರೂ ಶನಿವಾರ ಬೆಳಿಗ್ಗೆ ನನಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

ಚರ್ನಿ ರೋಡಿನಲ್ಲಿ ಇಳಿದು ಮೊದಲು ಒಪೆರಾ ಹೌಸಿಗೇ ಹೋದೆವು. 1911ರಲ್ಲಿ ಐದನೇ ಜಾರ್ಜ್ ದೊರೆ ಭಾರತಕ್ಕೆ ಬಂದಾಗ ಕಟ್ಟಡದ ಕೆಲಸ ಇನ್ನೂ ಮುಗಿದಿರಲಿಲ್ಲ. ಆದರೂ ಉದ್ಘಾಟನೆ ಅವನಿಂದಲೇ ಆಯಿತು. ಮೊದಲು ಇದ್ದದ್ದು ಒಪೆರಾ ಮತ್ತು ನಾಟಕ. ಆಮೇಲೆ ಇದೂ ಸಿನಿಮಾ ಮಂದಿರವಾಯಿತು. 1993ರಲ್ಲಿ ಬಾಗಿಲು ಹಾಕಿತು. ದುರಸ್ತಿಯಾಗಿ ಮತ್ತೆ ತೆರೆದದ್ದು 2016ರಲ್ಲಿ. ದೊಡ್ಡಪ್ಪ ಗೇಟಿನ ಹೊರಗೇ ನಿಂತು ನೋಡಿದರು. ಹದಿನೇಳು ವರ್ಷ "ಒಪೆರಾ ಹೌಸ್ ಹತ್ರ" ಇದ್ದವರು ಒಮ್ಮೆಯೂ ಒಳಗೆ ಹೋಗಿರಲಿಲ್ಲವಂತೆ.

ಇದೇ ಒಪೆರಾ ಹೌಸಿನ ಆಸುಪಾಸಿನಲ್ಲಿ ಬಿ. ಆರ್. ದೇವಧರರ ಸಂಗೀತ ಶಾಲೆ ಇತ್ತು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗ ಕಲಿಯಲು ಬಂದದ್ದು ಇಲ್ಲಿಗೆ. ಅವನು ಕುಮಾರ ಗಂಧರ್ವ. 1936ರಲ್ಲಿ, ಇನ್ನೂ ಹನ್ನೆರಡು ತುಂಬುವ ಹೊತ್ತಿನಲ್ಲಿ, ಹತ್ತಿರದ ಜಿನ್ನಾ ಹಾಲಿನ ಸಂಗೀತ ಸಮ್ಮೇಳನದಲ್ಲಿ ಹಾಡಿ ದೊಡ್ಡ ದೊಡ್ಡ ಉಸ್ತಾದರನ್ನು ಬೆರಗುಗೊಳಿಸಿದ. ಈ ಕಥೆಯನ್ನು ನಾವು ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಾನೂ ದೊಡ್ಡಪ್ಪನಿಗೆ ಹೇಳಿದೆ. ಅವರು ತಲೆಯಾಡಿಸಿ, "ಬೆಳಗಾಂ ಕಡೆಯವನಾ?" ಎಂದು ಕೇಳಿ ಸುಮ್ಮನಾದರು.

ಅಲ್ಲಿಂದ ಲ್ಯಾಮಿಂಗ್ಟನ್ ರೋಡ್ ಹಿಡಿದೆವು. ಈಗ ಅದು ಕಂಪ್ಯೂಟರ್ ಬಿಡಿಭಾಗ, ಕೇಬಲ್, ಸಿಸಿಟಿವಿ ಕ್ಯಾಮೆರಾಗಳ ಬೀದಿ. ನಮ್ಮಲ್ಲಿ ಎಷ್ಟೋ ಜನ ಇಲ್ಲಿಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬಂದಿರುತ್ತೇವೆ. ದೊಡ್ಡಪ್ಪನಿಗೆ ಮಾತ್ರ ಇದು ಟಾಕೀಸುಗಳ ಬೀದಿ. ಮಿನರ್ವಾ, ನಾಜ್, ಸ್ವಸ್ತಿಕ್, ಇಂಪೀರಿಯಲ್, ಅಪ್ಸರಾ ಎಂದು ಬೆರಳು ಮಡಿಸುತ್ತಾ ಹೋದರು. ಹಂಚಿಕೆದಾರರ ಆಫೀಸುಗಳು ಇದ್ದದ್ದು ನಾಜ್ ಕಟ್ಟಡದಲ್ಲಿ. ಶುಕ್ರವಾರ ಬಿಡುಗಡೆಯಾದ ಸಿನಿಮಾದ ಹಣೆಬರಹ ಅಲ್ಲಿ ಗೊತ್ತಾಗುತ್ತಿತ್ತು. 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದ 'ಶೋಲೆ' ಮಿನರ್ವಾದಲ್ಲಿ ಐದು ವರ್ಷ ಓಡಿತು. ದೊಡ್ಡಪ್ಪ ಅದನ್ನು ಹನ್ನೊಂದು ಸಲ ನೋಡಿದ್ದರಂತೆ. ಆ ಮಿನರ್ವಾ ಈಗ ಇಲ್ಲ.

ಸಿನಿಮಾಕ್ಕೂ ಈ ಭಾಗಕ್ಕೂ ಇರುವ ನಂಟು ಇನ್ನೂ ಹಳೆಯದು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ತೆರೆ ಕಂಡದ್ದು ಗಿರ್ಗಾಂವಿನ ಕೊರೋನೇಷನ್ ಸಿನಿಮಾದಲ್ಲಿ. ಮೊದಲ ಟಾಕಿ 'ಆಲಂ ಆರಾ' 1931ರ ಮಾರ್ಚ್ 14ರಂದು ಬಿಡುಗಡೆಯಾದದ್ದು ಗಿರ್ಗಾಂವಿನದೇ ಮೆಜೆಸ್ಟಿಕ್‌ನಲ್ಲಿ. ಅದನ್ನು ತೆಗೆದ ಅರ್ದೇಶಿರ್ ಇರಾನಿಯವರ ಸ್ಟುಡಿಯೋ ರೈಲು ಹಳಿಯ ಮಗ್ಗುಲಲ್ಲಿತ್ತು. ಹಗಲು ರೈಲಿನ ಸದ್ದು ಮೈಕಿಗೆ ಸೇರುತ್ತದೆಂದು ಚಿತ್ರೀಕರಣವನ್ನು ಬಹುಪಾಲು ನಡುರಾತ್ರಿಯ ಮೇಲೆ, ರೈಲುಗಳು ನಿಂತ ಹೊತ್ತಿನಲ್ಲಿ ಮಾಡಬೇಕಾಯಿತು.

ಸಿನಿಮಾಕ್ಕೆ ಮೊದಲು ಇಲ್ಲಿದ್ದದ್ದು ನಾಟಕ. ಗ್ರಾಂಟ್ ರೋಡಿಗೆ ಆ ಹೆಸರು ಬಂದದ್ದು 1835ರಿಂದ 1838ರವರೆಗೆ ಬೊಂಬಾಯಿಯ ಗವರ್ನರನಾಗಿದ್ದ ಸರ್ ರಾಬರ್ಟ್ ಗ್ರಾಂಟ್‌ನಿಂದ. ಕೋಟೆಯೊಳಗಿನ ಇಂಗ್ಲಿಷರ ಹಳೆಯ ನಾಟಕಶಾಲೆ ಸಾಲದಲ್ಲಿ ಮುಳುಗಿ ಮಾರಾಟವಾಗಿತ್ತು. ಹೊಸದು ಬೇಕೆಂದು ಊರಿನ ಗಣ್ಯರು ಸರಕಾರಕ್ಕೆ ಅರ್ಜಿ ಹಾಕಿದರು. ಜಗನ್ನಾಥ ಶಂಕರಶೇಟರು ಮುಂದೆ ನಿಂತರು, ಜಾಗವನ್ನೂ ಕೊಟ್ಟರು. 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ತೆರೆಯಿತು. ಆದರೆ ಇಂಗ್ಲಿಷರಿಗೆ ಅದು ಒಗ್ಗಲಿಲ್ಲ. ಕೋಟೆಯಿಂದ ದೂರ, ಸುತ್ತ 'ಕಪ್ಪು ಜನರ' ಪೇಟೆ, ರಾತ್ರಿ ಹೊತ್ತು ಯಾರು ಬರುತ್ತಾರೆ? ಹೀಗೆ ಖಾಲಿ ಬಿದ್ದ ರಂಗದ ಮೇಲೆ ನಮ್ಮವರ ತಂಡಗಳು ಹತ್ತಿದವು.

1853ರ ಮಾರ್ಚಿನಲ್ಲಿ, ಅಂದರೆ ಬೋರಿ ಬಂದರಿನಿಂದ ಠಾಣೆಗೆ ಮೊದಲ ರೈಲು ಓಡುವುದಕ್ಕೆ ಒಂದು ತಿಂಗಳ ಮೊದಲು, ಸಾಂಗ್ಲಿಯ ವಿಷ್ಣುದಾಸ ಭಾವೆಯವರ ತಂಡ ಇಲ್ಲಿ ಮರಾಠಿ ನಾಟಕ ಆಡಿತು. ಅದೇ ವರ್ಷ ಪಾರ್ಸಿಗಳೂ ತಮ್ಮ ನಾಟಕ ಮಂಡಳಿ ಕಟ್ಟಿ ಇದೇ ರಂಗಕ್ಕೆ ಬಂದರು. ಆಮೇಲೆ ಬೀದಿಯಲ್ಲಿ ಒಂದರ ಪಕ್ಕ ಒಂದು ನಾಟಕಶಾಲೆ ಎದ್ದವು. 'ಪ್ಲೇ ಹೌಸ್' ಎಂಬುದು ಜನರ ಬಾಯಲ್ಲಿ 'ಪೀಲಾ ಹೌಸ್' ಆಯಿತು. ನಾಟಕ ನಡುರಾತ್ರಿ ದಾಟಿ ನಡೆಯುತ್ತಿದ್ದ ಕಡೆ ಚಹಾದಂಗಡಿ, ಪಾನಂಗಡಿ, ಕಬಾಬಿನ ಒಲೆ, ಅತ್ತರು ಮಾರುವವರು ಎಲ್ಲ ಬಂದರು. ಮುಂದೆ ಇರಾನಿಗಳು ಮೂಲೆ ಮೂಲೆಗೆ ಹೋಟೆಲು ಇಟ್ಟರು. ಗ್ರಾಂಟ್ ರೋಡ್ ಸ್ಟೇಷನ್ ಎದುರಿನ ಬಿ. ಮೆರವಾನ್ 1914ರದ್ದು. ಸಂಬಳದ ದಿನ ಅಲ್ಲಿ ಒಂದು ಮಾವಾ ಕೇಕ್ ತಿನ್ನುವುದು ದೊಡ್ಡಪ್ಪನ ಆಗಿನ ದೊಡ್ಡ ಖರ್ಚು.

ಇಲ್ಲಿ ನಾನು ದೊಡ್ಡಪ್ಪನಿಗಾಗಿ ಒಂದು ಸಂಗತಿ ಉಳಿಸಿಕೊಂಡಿದ್ದೆ. ಅವರು ಯಕ್ಷಗಾನದ ಹುಚ್ಚು ಹಿಡಿದವರು. 1842ರಲ್ಲಿ ಉತ್ತರ ಕನ್ನಡದಿಂದ ಒಂದು ಯಕ್ಷಗಾನ ತಂಡ ಸಾಂಗ್ಲಿಗೆ ಹೋಗಿ ಆಟ ಆಡಿತು. ಅಲ್ಲಿಯ ದೊರೆ ಅಪ್ಪಾಸಾಹೇಬ ಪಟವರ್ಧನರು ಅದನ್ನು ನೋಡಿ, ಇಂಥದ್ದನ್ನು ಇನ್ನಷ್ಟು ಓರಣವಾಗಿ ಮರಾಠಿಯಲ್ಲಿ ಮಾಡು ಎಂದು ತಮ್ಮ ಆಶ್ರಿತ ವಿಷ್ಣುದಾಸ ಭಾವೆಗೆ ಹೇಳಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ಆಯಿತು. ಆ ದಿನವನ್ನು ಮರಾಠಿಗರು ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಭಾವೆಯವರ ಆಟದಲ್ಲಿ ಸೂತ್ರಧಾರ ಹಿಂದೆ ನಿಂತು ಹಾಡುತ್ತಾನೆ, ಪಾತ್ರಧಾರಿಗಳು ಮಾತನ್ನು ಅಲ್ಲೇ ಹೊಸೆಯುತ್ತಾರೆ. ಶುರುವಿಗೆ ಗಣಪತಿ ಬರುತ್ತಾನೆ, ನಗಿಸಲು ವಿದೂಷಕನಿದ್ದಾನೆ, ರಾಕ್ಷಸರು ಅಬ್ಬರಿಸುತ್ತಾ ಪ್ರವೇಶಿಸುತ್ತಾರೆ.

"ಭಾಗವತ್ರ್, ಅರ್ಥ, ಹಾಸ್ಯಗಾರ, ಬಣ್ಣದ ವೇಷ" ಎಂದು ದೊಡ್ಡಪ್ಪ ಒಂದೊಂದಕ್ಕೂ ಹೆಸರಿಟ್ಟರು. "ಹಾಂಗಾರೆ ನಮಗಿಂತ ಮುಂಚೆ ನಮ್ಮ ಆಟ ಇಲ್ಲಿಗೆ ಬಂದಿತ್ತ್ ಅಂದಾಂಗಾಯ್ತ್!"

ಪೂರ್ತಿ ಹಾಗಲ್ಲ ಎಂದೆ. ಭಾವೆ ಕಂಡದ್ದನ್ನು ತಮ್ಮದಾಗಿ ಮಾಡಿಕೊಂಡರು. ಕೀರ್ತನೆ, ತಮಾಷಾಗಳ ನೆಲದಲ್ಲಿ ಬೆಳೆದವರು ಅವರು. ಹಾಗಾಗಿ ಮರಾಠಿ ನಾಟಕ ನಮ್ಮದು ಎನ್ನುವಂತಿಲ್ಲ. ಲೆಕ್ಕ ಇನ್ನೊಂದು ದಿಕ್ಕಿಗೂ ಇದೆ. ಮರಾಠಿ ನಾಟಕಗಳ ಭರಾಟೆ ಕಂಡು ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಬರೆದು ಆಡಿಸಿದರು. ಪಾರ್ಸಿ ಕಂಪನಿಗಳ ಬಣ್ಣದ ಪರದೆ, ಯಂತ್ರದ ಚಮತ್ಕಾರ ಹಳೆ ಮೈಸೂರಿನ ಕಂಪನಿ ನಾಟಕಗಳಿಗೆ ಇಳಿದವು. ಕಡಲತೀರದಿಂದ ಹೋದದ್ದು ಸಾಂಗ್ಲಿಯಲ್ಲಿ ಬೇರೆಯಾಗಿ, ಈ ಬೀದಿಗೆ ಬಂದು ಇನ್ನೂ ಬೇರೆಯಾಗಿ, ಮತ್ತೆ ಕನ್ನಡಕ್ಕೆ ಮರಳಿತು.

ಮಾತಾಡುತ್ತ ಗ್ರಾಂಟ್ ರೋಡ್ ಪೂರ್ವಕ್ಕೆ ಬಂದಿದ್ದೆವು. ಈಗ ಈ ರಸ್ತೆಯ ಹೆಸರು ಮೌಲಾನಾ ಶೌಕತ್ ಅಲಿ ರಸ್ತೆ. ದೊಡ್ಡಪ್ಪ 1968ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ಕಪ್ಪು ಬಶಿ ತೊಳೆಯಲು ಸೇರಿದ ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ. ಎರಡು ವರ್ಷದಲ್ಲಿ ಅವರು 'ಬಾಹರ್‌ವಾಲಾ' ಆದರು. ಎಂದರೆ ಕೆಟಲಿನಲ್ಲಿ ಚಹಾ ಹಿಡಿದು ಹೊರಗಿನ ಅಂಗಡಿ, ಟಾಕೀಸುಗಳಿಗೆ ಕೊಟ್ಟು ಬರುವ ಹುಡುಗ. ರಾತ್ರಿ ಕನ್ನಡ ನೈಟ್ ಸ್ಕೂಲು.

ಆಲ್ಫ್ರೆಡ್ ಟಾಕೀಸಿನ ಹತ್ತಿರ ಅವರ ನಡಿಗೆ ನಿಧಾನವಾಯಿತು. ಈ ಟಾಕೀಸಿಗೆ ಮೊನ್ನೆ ಮೊನ್ನೆಯವರೆಗೂ ಕೈಯಲ್ಲಿ ಬರೆದ ಪೋಸ್ಟರ್ ಹಾಕುತ್ತಿದ್ದರು. ಪಕ್ಕದ್ದು ಫಾಕ್‌ಲೆಂಡ್ ರೋಡ್, ಅದರಾಚೆ ಕಾಮಾಠಿಪುರ. ನಾಟಕಶಾಲೆಗಳ ಮಗ್ಗುಲಲ್ಲೇ ಬೆಳೆದ ಸೂಳೆಗೇರಿ. ಊರಿನಲ್ಲಿ ಗ್ರಾಂಟ್ ರೋಡ್ ಎಂದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದದ್ದು ಇದಕ್ಕೇ. ದೊಡ್ಡಪ್ಪ ಒಪೆರಾ ಹೌಸ್ ಎನ್ನುತ್ತಿದ್ದದ್ದೂ ಇದಕ್ಕೇ ಎಂದು ನಾನು ತಿಳಿದಿದ್ದೆ.

"ಅದ್ ಮಾತ್ರ ಅಲ್ಲ" ಎಂದರು. ಒಂದು ಸಂಜೆ ಅವರು ಚಹಾ ಕೊಟ್ಟು ಬರುವಾಗ ಜೊತೆಯ ಹುಡುಗನನ್ನು ಕನ್ನಡದಲ್ಲಿ ಕೂಗಿದರಂತೆ. ಮೇಲಿನ ಕಿಟಕಿಯಿಂದ ಒಬ್ಬಾಕೆ ಕೇಳಿದಳು: "ಯಾವೂರಪಾ ತಮ್ಮಾ ನಿಂದು? ಕನ್ನಡ ಬರ್ತೈತಿ ಹೌದಿಲ್ಲೋ?" ಬೆಳಗಾವಿ ಕಡೆಯ ಮಾತು. ಸುಮಾರು ಅಮ್ಮನ ವಯಸ್ಸು. ದೊಡ್ಡಪ್ಪ ತಲೆ ಎತ್ತದೆ "ಮಾಲೂಮ್ ನಹೀಂ" ಎಂದು ಹಿಂದಿಯಲ್ಲಿ ಹೇಳಿ ನಡೆದುಬಿಟ್ಟರು. "ಊರ್ ಯಾವ್ದ್ ಅಂತ ಕೇಂಡದ್ದ್ ಅಷ್ಟೇ. ಮತ್ತೆಂತ ಕೇಂಡಿರ್ಲಿಲ್ಲ. ಹೇಳ್ಬಹುದಿತ್ತ್." ಆಮೇಲೆ ಆ ಗಲ್ಲಿಯ ಆರ್ಡರನ್ನು ಬೇರೆ ಹುಡುಗನಿಗೆ ಬಿಟ್ಟುಕೊಟ್ಟರಂತೆ.

ಬೆಳಗಾವಿ, ವಿಜಯಪುರದ ಕಡೆಯಿಂದ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಈ ಗಲ್ಲಿಗಳಿಗೆ ಬಂದು ಸೇರಿದ್ದು ಗುಟ್ಟೇನಲ್ಲ. ಆ ಪದ್ಧತಿಯನ್ನು ತಡೆಯಲು ಬೊಂಬಾಯಿ ಪ್ರಾಂತ್ಯದಲ್ಲಿ 1934ರಲ್ಲೇ ಕಾನೂನು ಬಂದಿತ್ತು. ಸಾಲದೆ ಕರ್ನಾಟಕ 1982ರಲ್ಲಿ ಮತ್ತೊಂದು ತರಬೇಕಾಯಿತು. ಸುಳೇಭಾವಿಯ ಹುಡುಗ ಹಾಡಿದ ಸಭಾಂಗಣದಿಂದ ಫಾಕ್‌ಲೆಂಡ್ ರೋಡಿಗೆ ಕಾಲ್ನಡಿಗೆಯ ದಾರಿ. ಅದೇ ಜಿಲ್ಲೆಯ ಕನ್ನಡ ಎರಡೂ ಕಡೆ ಇತ್ತು. ಮುಂಬಯಿ ಕನ್ನಡಿಗರ ಚರಿತ್ರೆ ಎಂದು ನಾವು ಹೇಳುವಾಗ ಸಂಘ, ನೈಟ್ ಸ್ಕೂಲು, ಉಡುಪಿ ಹೋಟೆಲು, ಯಕ್ಷಗಾನ, ಕುಮಾರ ಗಂಧರ್ವ ಎಲ್ಲ ಬರುತ್ತಾರೆ. ಕಿಟಕಿಯಿಂದ ಊರು ಕೇಳಿದಾಕೆ ಬರುವುದಿಲ್ಲ. ನಾನೂ ಬರುವಾಗ ಅವಳಿಲ್ಲದ ಚರಿತ್ರೆಯನ್ನೇ ಓದಿಕೊಂಡು ಬಂದಿದ್ದೆ.

ದೊಡ್ಡಪ್ಪ ಆ ಗಲ್ಲಿಯ ಬಾಯಲ್ಲಿ ಸ್ವಲ್ಪ ಹೊತ್ತು ನಿಂತರು. ಮನೆ ಯಾವುದೆಂದು ಗುರುತು ಸಿಗಲಿಲ್ಲ. ಅನೇಕ ಚಾಳುಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಿದ್ದಾರೆ. ಸ್ಟೇಷನ್ನಿಗೆ ಮರಳಿ ಬಂದು ಮಾವಾ ಕೇಕ್ ತಿಂದೆವು. ದುಡ್ಡು ಅವರೇ ಕೊಟ್ಟರು.

ಹೋದ ತಿಂಗಳು ಊರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಹುಡುಗ, ತನಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಿದೆ, ನೀವು ಎಲ್ಲಿದ್ದಿರಿ ಎಂದು ದೊಡ್ಡಪ್ಪನನ್ನು ಕೇಳಿದ. ನಾನು ಪಕ್ಕದಲ್ಲೇ ಕೂತಿದ್ದೆ. ದೊಡ್ಡಪ್ಪ ಅನ್ನಕ್ಕೆ ಸಾರು ಕಲಸುತ್ತಾ "ಗ್ರಾಂಟ್ ರೋಡ್. ಪೀಲಾ ಹೌಸ್ ಹತ್ರ" ಎಂದರು.