ಕೂತಲ್ಲೇ ಕೂತು ಜಿಲ್ಲೆ ಬದಲಾಯಿಸಿದ ಮನೆ

ಅಜ್ಜಂಪುರದ ನಮ್ಮ ಮನೆಗೆ ಎಷ್ಟು ವಿಳಾಸ ಗೊತ್ತಾ? ಮುತ್ತಜ್ಜ ಕೊಂಡಾಗಿನ ಕ್ರಯಪತ್ರದಲ್ಲಿ ಅದು ಕಡೂರು ಜಿಲ್ಲೆ, ತರೀಕೆರೆ ತಾಲ್ಲೂಕಿನ ಮನೆ. ಕಡೂರು ಯಾವಾಗ ಜಿಲ್ಲೆ ಆಗಿತ್ತು ಅಂತ ಹುಬ್ಬೇರಿಸಬೇಡಿ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಇದ್ದ ಹೆಸರೇ ಅದು. ಅಜ್ಜನ ಕಾಲದ ಪಾಲುಪಟ್ಟಿಯಲ್ಲಿ ಚಿಕ್ಕಮಗಳೂರು ಜಿಲ್ಲೆ, ಮೈಸೂರು ರಾಜ್ಯ. 1973ರ ನವೆಂಬರ್ ಆದಮೇಲಿನ ಕಾಗದಗಳಲ್ಲಿ ಕರ್ನಾಟಕ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನಮ್ಮೂರೂ ಒಂದು, ಹಾಗಾಗಿ ಈಗ ಬರೆಸುವ ಕ್ರಯಪತ್ರದಲ್ಲಿ ಅಜ್ಜಂಪುರ ತಾಲ್ಲೂಕು. ಮನೆ ಮಾತ್ರ ಒಂದಿಂಚೂ ಅಲುಗಿಲ್ಲ :)

ಹೌದು, ಮನೆ ಮಾರ್ತಾ ಇದ್ದೀವಿ. ಅಟ್ಟ ಖಾಲಿ ಮಾಡೋ ಕೆಲಸ ನನ್ನ ಪಾಲಿಗೆ ಬಂದಿದೆ. ಹಂಡೆ, ಒರಳು, ಮಣೆ ಯಾರ್ಯಾರಿಗೆ ಅನ್ನೋದು ಅರ್ಧ ಗಂಟೆಯಲ್ಲಿ ತೀರ್ಮಾನ ಆಯ್ತು. ಪಾವು, ಅಚ್ಚೇರು, ಸೇರು ಮೂರನ್ನೂ ಅಮ್ಮ ಎತ್ತಿಟ್ಟುಕೊಂಡ್ರು. ತಕರಾರು ಬಂದದ್ದು ಟ್ರಂಕಿನ ಕಾಗದಗಳಿಗೆ. ಕ್ರಯಪತ್ರ, ಕಂದಾಯದ ರಸೀದಿಗೆ ಭಯವಿಲ್ಲ, ಕೊಳ್ಳುವವರ ವಕೀಲರೇ ಅವನ್ನು ಕೇಳಿ ಪಡೀತಾರೆ. ಯಾರಿಗೂ ಬೇಡವಾದದ್ದು ಅಜ್ಜನ ಲೆಕ್ಕದ ಪುಸ್ತಕಗಳು. "ರದ್ದಿಗೆ ಹಾಕೋ" ಅಂದ್ರು ಚಿಕ್ಕಪ್ಪ.

1957ರ ಪುಸ್ತಕ ತೆಗೆದು ನೋಡಿ. ಮಾರ್ಚ್ ತನಕ ರೂಪಾಯಿ, ಆಣೆ, ಕಾಸು. ಏಪ್ರಿಲ್ 1ಕ್ಕೆ ದೇಶದಲ್ಲಿ ನಯಾಪೈಸೆ ಬಂತು. ಅವತ್ತಿನಿಂದ ಅಜ್ಜ ಪ್ರತಿ ಸಾಲಲ್ಲೂ ಎರಡೆರಡು ಲೆಕ್ಕ ಬರೆದಿದ್ದಾರೆ, ಪಕ್ಕದಲ್ಲಿ ಆಣೆ, ಆಮೇಲೆ ನಯಾಪೈಸೆ. ರೂಪಾಯಿಗೆ 16 ಆಣೆ, 100 ನಯಾಪೈಸೆ. ಅಂದ್ರೆ ಒಂದಾಣೆಗೆ ಆರೂಕಾಲು ಬರಬೇಕು, ಕಾಲು ಪೈಸೆ ಎಲ್ಲಿಂದ ತರೋದು? ಒಂದಾಣೆಗೆ 6, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25 ಅಂತ ಸರ್ಕಾರವೇ ಪಟ್ಟಿ ಕೊಟ್ಟಿತ್ತು. ಒಂದೊಂದೇ ಆಣೆಯ ಸಾಮಾನು 16 ಸಲ ತಂದರೆ 96 ಪೈಸೆ, ನಾಲ್ಕು ಪೈಸೆ ಉಳಿತಾಯ! ನಾವು ಆಫೀಸಲ್ಲಿ ರೌಂಡಿಂಗ್ ಎರರ್ ಅಂತ ತಲೆ ಕೆಡಿಸಿಕೊಳ್ಳೋದನ್ನ ಅಜ್ಜ ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಬಗೆಹರಿಸಿದ್ದಾರೆ. ಮುಂದಿನ ಪುಸ್ತಕಗಳಲ್ಲಿ ಸೇರು ಹೋಗಿ ಕೆ.ಜಿ. ಬರುತ್ತೆ, 1956ರ ತೂಕ-ಅಳತೆ ಕಾಯ್ದೆಯ ಫಲ. (ಅಮೃತ ಮಹಲ್ ತಳಿಯ ಊರಲ್ಲವೇ, ಎತ್ತಿನ ಖರ್ಚಿಗೇ ಬೇರೆ ಪುಟ.)

ಹಳೇ ಕಾಗದದ ಕಂತೆಗೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಶಾರದಾ ವಿಗ್ರಹದ ಮರುಪ್ರತಿಷ್ಠೆಗೆ ಹಣ ಕಳಿಸಿ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಅಲ್ಲೇ ಒಂದು ಕಂತೆಯಲ್ಲಿದ್ದವು. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ ಕಣ್ಣಿಗೆ ಬಿದ್ದವು. ನಡುವೆ ಸುಮಾರು 125 ವರ್ಷ. ಆ ಅವಧಿಯಲ್ಲಿ ಯಾರೋ ಒಬ್ಬರು ಕಪಾಟು ಚೊಕ್ಕಟ ಮಾಡೋಕೆ ಹೊರಟಿದ್ದರೂ ಸಾಕಿತ್ತು.

ಚಿಕ್ಕಪ್ಪನಿಗೆ ಇದನ್ನ ಹೇಳಿದೆ. "ಟಿಪ್ಪು ಪತ್ರ ಬೇರೆ, ನಮ್ಮಪ್ಪನ ಉಪ್ಪು-ಮೆಣಸಿನಕಾಯಿ ಲೆಕ್ಕ ಬೇರೆ ಕಣೋ" ಅಂದ್ರು. ನಿಜವೇ. ಆದ್ರೆ ಒಂದು ಮನೆ ಅವತ್ತು ಉಪ್ಪಿಗೆ ಎಷ್ಟು ಕೊಡ್ತಿತ್ತು, ಆಣೆಯಿಂದ ಪೈಸೆಗೆ ಹೇಗೆ ದಾಟಿತು ಅನ್ನೋದನ್ನ ಅಜ್ಜನ ಬಿಟ್ಟು ಇನ್ಯಾರು ಬರೆದಿಟ್ಟಿರ್ತಾರೆ? ರದ್ದಿಯವನಿಗೆ ಮುಂದಿನ ವಾರ ಬಾ ಅಂದಿದ್ದೀನಿ. ಪುಟ ಪುಟವನ್ನೂ ಫೋಟೋ ತೆಗೀತಿದ್ದೀನಿ, 1961ರವರೆಗೆ ಬಂದಿದೆ.