ಕಡಲಿಲ್ಲದ ಜಿಲ್ಲೆಯ ಬಂದರು ಚರಿತ್ರೆ

ಹಾಸನ ಜಿಲ್ಲೆಯ ನೀರು ಬಹುಪಾಲು ಮೂಡಣಕ್ಕೆ ಹರಿಯುತ್ತದೆ. ಸಕಲೇಶಪುರವನ್ನು ದಾಟಿದ ಹೇಮಾವತಿ ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಹೊಳೆನರಸೀಪುರದ ಪಕ್ಕದಲ್ಲಿ ಸಾಗಿ ಕಾವೇರಿಗೆ ಸೇರುತ್ತದೆ. ಜಿಲ್ಲೆಯ ಸರಕಿನ ದಾರಿ ಬೇರೆ. ಅದು ಪಡುವಣಕ್ಕೆ ತಿರುಗಿ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಹಾಸನದಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್. ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಮೇಲಿರುವ ಈ ಊರಿನ ಕೋಟೆ, ತೋಟ, ರೈಲು, ಎಣ್ಣೆ ಡಿಪೋ ಎಲ್ಲದರ ಹಿಂದೆಯೂ ಘಟ್ಟದ ಕೆಳಗಿನ ಆ ಬಂದರು ಇದೆ.

ಈ ಸಂಬಂಧಕ್ಕೆ ಹಳೆಯ ಸಾಕ್ಷಿ ಸಕಲೇಶಪುರದ ಆಚೆ, ದೋಣಿಗಾಲಿನ ಹತ್ತಿರದ ಗುಡ್ಡದ ಮೇಲಿದೆ. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಮಂಜರಾಬಾದ್ ಕೋಟೆ ಎಂಟು ಮೂಲೆಗಳ ನಕ್ಷತ್ರದಂತಿದೆ. ಯುರೋಪಿನ ಫಿರಂಗಿ ಯುದ್ಧದ ಲೆಕ್ಕಾಚಾರ ಅದರ ಗೋಡೆಗಳಲ್ಲಿ ಕಾಣುತ್ತದೆ. ಮೈಸೂರಿನ ಆಳರಸರಿಗೆ ಹೊರಜಗತ್ತಿನ ಬಾಗಿಲು ಮಂಗಳೂರು. ಹೈದರಾಲಿ ಅಲ್ಲಿ ಹಡಗು ಕಟ್ಟಿಸಿದ. ಇಂಗ್ಲಿಷರ ಕೈಸೇರಿದ್ದ ಊರನ್ನು ಮುತ್ತಿಗೆ ಹಾಕಿ ಮರಳಿ ಪಡೆದ ಟಿಪ್ಪು, 1784ರಲ್ಲಿ ಅಲ್ಲೇ ಒಪ್ಪಂದಕ್ಕೆ ಸಹಿ ಹಾಕಿದ. ಬಂದರು ಕೈಯಲ್ಲಿದ್ದರೆ ಸಾಲದು, ಅಲ್ಲಿಂದ ಮೇಲೇರುವ ದಾರಿಯ ಮೇಲೂ ಕಣ್ಣಿರಬೇಕು ಎಂಬುದು ಅವನಿಗೆ ಗೊತ್ತಿತ್ತು.

ಆ ದಾರಿಯಲ್ಲಿ ಹೇರೆತ್ತುಗಳು ಅಕ್ಕಿ ಹೊತ್ತು ಇಳಿಯುತ್ತಿದ್ದವು, ಉಪ್ಪು ಹೊತ್ತು ಏರುತ್ತಿದ್ದವು. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್‌ನಂಥ ಬಿಳಿಯ ಪ್ಲಾಂಟರುಗಳು ಮಂಜರಾಬಾದ್ ಸೀಮೆಯಲ್ಲಿ ಕಾಡು ಕಡಿದು ಕಾಫಿ ಹಾಕಿದರು. ಬೆಳೆ ಎತ್ತಿನ ಗಾಡಿಯಲ್ಲಿ ಮಂಗಳೂರಿಗಿಳಿದು, ಅಲ್ಲಿಯ ಕ್ಯೂರಿಂಗ್ ಮನೆಗಳಲ್ಲಿ ಹದವಾಗಿ ಹಡಗು ಹತ್ತುತ್ತಿತ್ತು. ಗಿಡ ಘಟ್ಟದ ಮೇಲೆ, ಹದ ಮಾಡುವ ಕೆಲಸವೂ ಅದರ ಕೂಲಿಯೂ ಘಟ್ಟದ ಕೆಳಗೆ. ಕ್ಯೂರಿಂಗ್ ವರ್ಕ್ಸ್‌ಗಳು ಹಾಸನಕ್ಕೆ ಬಂದದ್ದು ಆಮೇಲೆ.

ಮಂಗಳೂರಿನ ಹಳೆಯ ಬಂದರು ನದೀಮುಖದ್ದು. ಮರಳು ತುಂಬಿ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಸರ್ವಋತು ಬಂದರಿಗಾಗಿ ಸಂಸದ ಯು. ಶ್ರೀನಿವಾಸ ಮಲ್ಯರು ದಿಲ್ಲಿಯಲ್ಲಿ ಬಿಡದೆ ಓಡಾಡಿದರು. 1960ರ ದಶಕದಲ್ಲಿ ಕೆಲಸ ಶುರುವಾಯಿತು. ಮಂಗಳೂರಿನ ಪಕ್ಕದ ಪಣಂಬೂರಿನಲ್ಲಿ ಜನರನ್ನು ಎಬ್ಬಿಸಿ, ನೆಲವನ್ನು ಅಗೆದು, ಕಡಲನ್ನೇ ಒಳಗೆ ಕರೆದು ಬಂದರು ಮಾಡಿದರು. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎನಿಸಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ವಿದೇಶಿ ಹಣದ ಮಾತು ಬಂದದ್ದು ಅದೇ ವರ್ಷ. ಕುದುರೆಮುಖದ ಕಬ್ಬಿಣದ ಅದಿರಿಗಾಗಿ ಇರಾನಿನ ಶಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ತೀರಿಸುವ ಬಗೆ, ಅದಿರನ್ನೇ ವರ್ಷವರ್ಷ ಕಳಿಸುವುದು. 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ಪುಡಿಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಕಡಲತಡಿಗೆ ಸಾಗಿಸಲು 67 ಕಿಲೋಮೀಟರ್ ಕೊಳವೆ ಹಾಕಿದರು. ಅದಿರು ಹಡಗು ನಿಲ್ಲುವುದಕ್ಕೆಂದು ಬಂದರು ಆಳವಾಯಿತು. ಗಣಿ ಸಿದ್ಧವಾಗುವ ಹೊತ್ತಿಗೆ 1979ರ ಕ್ರಾಂತಿಯಾಗಿ ಶಾ ಓಡಿಹೋಗಿದ್ದ. ಒಪ್ಪಿದ ಹಣ ಪೂರ್ತಿ ಬರಲಿಲ್ಲ, ಅದಿರು ಕೊಳ್ಳುವವರೂ ಇಲ್ಲವಾದರು. ಕಂಪನಿ ಬೇರೆ ದೇಶಗಳ ಗಿರಾಕಿ ಹುಡುಕಿತು, 1987ರಲ್ಲಿ ಮಂಗಳೂರಿನಲ್ಲಿ ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ ನಡೆಸತೊಡಗಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ವಿದೇಶಿ ಸಾಲದ ಕಥೆ ಎಲ್ಲೆಡೆ ಹೀಗೆ ಮುಗಿಯುವುದಿಲ್ಲ. ಶ್ರೀಲಂಕಾದ ಹಂಬನ್‌ತೋಟ ಬಂದರನ್ನು ಚೀನಾದ ಸಾಲದಲ್ಲಿ ಕಟ್ಟಿ, 2017ರಲ್ಲಿ 99 ವರ್ಷಕ್ಕೆ ಚೀನಿ ಕಂಪನಿಗೆ ಗುತ್ತಿಗೆ ಕೊಡಬೇಕಾಯಿತು. ಮಂಗಳೂರಿಗೆ ಆ ಗತಿ ಬರಲಿಲ್ಲ. ಇಲ್ಲಿ ಸಾಲ ಗಣಿಯ ಲೆಕ್ಕದ್ದು, ಬಂದರು ಭಾರತದ್ದೇ. ಕಾಲ ಎಷ್ಟು ತಿರುಗಿತೆಂದರೆ, ಇರಾನಿನ ಚಾಬಹಾರ್ ಬಂದರಿಗೆ ಹಣ ಹಾಕುವುದಾಗಿ 2024ರಲ್ಲಿ ಹತ್ತು ವರ್ಷದ ಒಪ್ಪಂದ ಮಾಡಿಕೊಂಡದ್ದು ಭಾರತ.

ಶಾ ಓಡಿಹೋದ 1979ರಲ್ಲೇ ಹಾಸನ–ಮಂಗಳೂರು ಮೀಟರ್ ಗೇಜ್ ರೈಲು ಪೂರ್ಣವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವ ಕಡಿದಾದ ಹಾದಿ. ತೊಂಬತ್ತರ ದಶಕದಲ್ಲಿ ಗೇಜ್ ಬದಲಾವಣೆಗೆಂದು ನಿಂತ ಗಾಡಿ ಬಹುಕಾಲ ಬರಲಿಲ್ಲ. 2000ದಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಈ ಮಾರ್ಗಕ್ಕೆಂದೇ ಒಂದು ಕಂಪನಿ ಮಾಡಿದವು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಓಡಿತು.

ಗೂಡ್ಸ್‌ನಲ್ಲಿ ಹೆಚ್ಚಾಗಿ ಇದ್ದದ್ದು ಬಳ್ಳಾರಿ ಸೀಮೆಯ ಕೆಂಪು ಅದಿರು. ಕುದುರೆಮುಖ ನಿಂತ ಮರುವರ್ಷವೇ ಅದು ಅರಸೀಕೆರೆ, ಹಾಸನದ ಮೂಲಕ ಪಣಂಬೂರಿಗೆ ಇಳಿಯತೊಡಗಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಅದಿರು ಬಂತು, ಹಾದುಹೋಯಿತು, ನಿಂತಿತು, ಹಾಸನಕ್ಕೆ ಅದರಿಂದ ಉಳಿದದ್ದು ಕಡಿಮೆ. ಇಳಿಸದೆ ಹೋಗುವ ಸರಕು ಊರಿಗೆ ಸದ್ದು, ಧೂಳು ಬಿಟ್ಟು ಬೇರೇನೂ ಕೊಡುವುದಿಲ್ಲ.

ಎಣ್ಣೆಯ ಕಥೆ ಸ್ವಲ್ಪ ಬೇರೆ. ಹಡಗಿನಲ್ಲಿ ಬಂದ ಕಚ್ಚಾ ತೈಲ ಮಂಗಳೂರಿನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ನಲ್ಲಿ ಪೆಟ್ರೋಲು, ಡೀಸೆಲ್ಲಾಗಿ, 2003ರಿಂದ ಮಂಗಳೂರು–ಹಾಸನ–ಬೆಂಗಳೂರು ಕೊಳವೆಯಲ್ಲಿ ಘಟ್ಟ ಹತ್ತುತ್ತಿದೆ. ಅಡುಗೆ ಅನಿಲಕ್ಕೂ ಹಾಸನದ ಮೇಲೆಯೇ ಮೈಸೂರಿನ ಕಡೆಗೆ ಇನ್ನೊಂದು ಕೊಳವೆ ಇದೆ. ಹಾಸನದ ಟರ್ಮಿನಲ್‌ನಲ್ಲಿ ಎಣ್ಣೆ ಇಳಿಯುತ್ತದೆ, ಟ್ಯಾಂಕರುಗಳು ತುಂಬಿಕೊಳ್ಳುತ್ತವೆ, ಡ್ರೈವರು, ಕ್ಲೀನರು, ಗ್ಯಾರೇಜಿನವರು ಬದುಕುತ್ತಾರೆ. ಇದರಲ್ಲಿ ದೇಶದ ಭದ್ರತೆಯ ಎಳೆಯೂ ಸೇರಿದೆ. ಮಂಗಳೂರಿನ ನೆಲದಡಿಯ ಗುಹೆಗಳಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಇಡಬಹುದು. ಅದರ ಒಂದು ಭಾಗವನ್ನು 2018ರಿಂದ ತುಂಬಿಸಿದ್ದು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿ. ಕೊಲ್ಲಿಯಲ್ಲಿ ಯುದ್ಧವಾಗಿ ಹಡಗು ನಿಂತರೆ ಆ ದಾಸ್ತಾನು ನೆರವಿಗೆ ಬರಬೇಕು. ಅದರಿಂದ ಮಾಡಿದ ಡೀಸೆಲ್ ಒಳನಾಡಿಗೆ ಬರುವ ಮುಖ್ಯ ಹಾದಿಯಲ್ಲಿ ಹಾಸನ ಒಂದು ನಿಲ್ದಾಣ.

ತಾಲ್ಲೂಕುಗಳ ಪಾಲು ಒಂದೇ ಸಮ ಇಲ್ಲ. ಚನ್ನರಾಯಪಟ್ಟಣ ಮೊದಲಿನಿಂದಲೂ ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ನೇರ ರೈಲು ಶುರುವಾದ ಮೇಲೆ ರಾಜಧಾನಿಯಿಂದ ಬಂದರಿಗಿಳಿಯುವ ಹಳಿಯೂ ಅದರ ಪಕ್ಕದಲ್ಲೇ ಹಾದಿದೆ. ಹೊಳೆನರಸೀಪುರ ಮೈಸೂರು–ಅರಸೀಕೆರೆ ಮಾರ್ಗದ ಹಳೆಯ ನಿಲ್ದಾಣ. ಅರಕಲಗೂಡು ಪಟ್ಟಣಕ್ಕೆ ರೈಲಿಲ್ಲ. ಆದರೂ ಆ ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ರೈತ ಬ್ಯಾರೆನ್‌ನಲ್ಲಿ ಬೇಯಿಸಿದ ಹೊಗೆಸೊಪ್ಪಿನ ಬೆಲೆ ಏರುವುದು ಇಳಿಯುವುದು ಹೊರದೇಶದ ಬೇಡಿಕೆಯ ಮೇಲೆ. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಹಾಸಿಗೆ ಬಟ್ಟೆ ನೇಯುವವರ ದುಡಿಮೆ ಅಮೆರಿಕದ ಅಂಗಡಿಗಳಿಗೆ ಹೋಗುತ್ತದೆ. ಸಮುದ್ರ ನೋಡದ ಎಷ್ಟೋ ಮನೆಗಳ ಒಲೆ ಉರಿಯುವುದು ಹಡಗಿನ ವ್ಯಾಪಾರದಿಂದ.

ಇಷ್ಟೆಲ್ಲ ತೂಗುತ್ತಿರುವುದು ಘಟ್ಟದ ಒಂದು ಸಣ್ಣ ತುಂಡಿನ ಮೇಲೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಜಾರಿ ರೈಲು ದಿನಗಟ್ಟಲೆ ನಿಂತಿತು. ಮಳೆಗಾಲದಲ್ಲಿ ಶಿರಾಡಿ ರಸ್ತೆ ಕುಸಿದರೆ ಲಾರಿಗಳ ಸಾಲು ಸಕಲೇಶಪುರದಲ್ಲೇ ನಿಲ್ಲುತ್ತದೆ. ಹಾಗೆಂದು ಗುಡ್ಡವನ್ನು ಇನ್ನಷ್ಟು ಕಡಿದು ರಸ್ತೆ ಅಗಲಿಸಿದರೆ ಜಾರುವ ಮಣ್ಣು ಇನ್ನೂ ಹೆಚ್ಚು.

ಬಂದರಿಗೆ ದುಡ್ಡು ಹಾಕುವವರು ಬದಲಾಗುತ್ತಾರೆ. ಸುಲ್ತಾನ, ಪ್ಲಾಂಟರ್, ಶಾ, ಅಬುಧಾಬಿ ಎಲ್ಲರೂ ತಮ್ಮ ಲೆಕ್ಕ ಮುಗಿಯುವವರೆಗೆ ಇದ್ದವರು, ಇರುವವರು. ಹಾಸನದವರು ಇಡಬೇಕಾದ ಲೆಕ್ಕ ಬೇರೆ. ಎಷ್ಟು ಗಾಡಿ ಹಾದುಹೋಯಿತು ಎಂಬುದಕ್ಕಿಂತ ಎಷ್ಟು ಇಲ್ಲಿ ನಿಂತು ತುಂಬಿಸಿಕೊಂಡಿತು ಎಂದು ಕೇಳಬೇಕು. ಕಾಫಿಯನ್ನು ಹದ ಮಾಡುವುದು ಇಲ್ಲಿಗೆ ಬಂದಂತೆ ಹುರಿದು ಪೊಟ್ಟಣ ಕಟ್ಟುವುದೂ ಹೆಚ್ಚಬೇಕು. ಆಲೂಗಡ್ಡೆಗೆ ಶೀತಲಗೃಹ, ಕಂಟೇನರ್ ತುಂಬುವ ಯಾರ್ಡು ರೈತನಿಗೆ ಹತ್ತಿರವಿರಬೇಕು. ಅದು ಆದಷ್ಟೂ ಪಣಂಬೂರು ಹಾಸನದ ಬಂದರು. ಆಗದಿದ್ದರೆ ಹಾಸನ ಅದಕ್ಕೆ ದಾರಿಯ ಮೇಲಿನ ಒಂದು ಊರು, ಅಷ್ಟೆ.